ಆಫೀಸಿನಲ್ಲಿ ಜನಾಂಗದ ಮಾತು ಬಂದಾಗ: ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ

ಬಾಡಿಗೆ ಮನೆ, ಡ್ರೈವಿಂಗ್ ಲೈಸೆನ್ಸ್, ಮಕ್ಕಳ ಸ್ಕೂಲು, ಇವುಗಳ ಬಗ್ಗೆ ಹೇಳಿಕೊಡಲು ಕನ್ನಡ ಕೂಟದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಊಟದ ಹೊತ್ತಿನಲ್ಲಿ ಮೆರಿಟ್, ಡೈವರ್ಸಿಟಿ, ಕಪ್ಪು-ಬಿಳಿ ಅಂತ ಚರ್ಚೆ ಎದ್ದರೆ ಏನು ತಿಳಿದಿರಬೇಕು ಅಂತ ಯಾರೂ ಹೇಳುವುದಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಪ್ಪು ಅಮೆರಿಕನ್ನರ ಬಗ್ಗೆ ನಮ್ಮವರ ಬಾಯಿಗೆ ತಟ್ಟನೆ ಬರುವ ಮಾತು ಒಂದಿದೆ: 'ನಾವು ಎರಡು ಸೂಟ್‌ಕೇಸ್ ಹಿಡಿದು ಬಂದು ಮೇಲೆ ಬರಲಿಲ್ವಾ? ಇಲ್ಲೇ ಹುಟ್ಟಿದ ಅವರಿಗೇನು ಕಷ್ಟ?' ಇದನ್ನು ಆಡುವ ಮುಂಚೆ ನಮಗೆ ಬಾಗಿಲು ಹೇಗೆ ತೆರೆಯಿತು ಅಂತ ನೋಡಿ. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನವರು ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿದ್ದರು. ಆದರೂ 1923ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ಅವರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಲಿಲ್ಲ, ಪೌರತ್ವ ಸಿಗುವುದಿಲ್ಲ ಎಂದಿತು. 1946ರಲ್ಲಿ ಕಾನೂನು ಸ್ವಲ್ಪ ಸಡಿಲವಾಯಿತು. ಆಗಲೂ ಇಡೀ ಭಾರತಕ್ಕೆ ಸಿಕ್ಕಿದ್ದು ವರ್ಷಕ್ಕೆ 100 ಜನರ ಕೋಟಾ. ಬಾಗಿಲು ನಿಜವಾಗಿ ತೆರೆದದ್ದು 1965ರ ವಲಸೆ ಕಾಯ್ದೆಯಿಂದ. ಅದು ಬಂದದ್ದು 1964ರ ಸಿವಿಲ್ ರೈಟ್ಸ್ ಕಾಯ್ದೆಯ ಬೆನ್ನಿಗೇ. ಆ ಕಾಯ್ದೆಗಾಗಿ ಬೀದಿಗಿಳಿದು ಪೊಲೀಸರ ಏಟು ತಿಂದವರಲ್ಲಿ ಹೆಚ್ಚಿನವರು ಕಪ್ಪು ಅಮೆರಿಕನ್ನರು.

ಆಮೇಲೆ ನಮ್ಮಲ್ಲಿ ಬಂದವರಾದರೂ ಯಾರು? ಡಾಕ್ಟರು, ಎಂಜಿನಿಯರು, ಎಂಎಸ್ ಓದಲು ಬಂದವರು, ಮತ್ತೆ ಅವರ ಮನೆಯವರು. ಇಲ್ಲಿರುವ 25 ದಾಟಿದ ಭಾರತೀಯರಲ್ಲಿ ನಾಲ್ಕಕ್ಕೆ ಮೂರು ಜನ ಪದವೀಧರರು. ಮಂಡ್ಯದ ಹಳ್ಳಿಯಿಂದ ಬಂದವರೂ ಇದ್ದೀರಿ, ಗೊತ್ತು. ಆದರೆ ಸುರತ್ಕಲ್ಲೋ, ಆರ್‌ವಿಯೋ, ಇನ್ನೊಂದೋ ದಾಟಿಕೊಂಡೇ ತಾನೇ ಬಂದದ್ದು? ನಮ್ಮ ಸಂಬಳವನ್ನು ಇನ್ನೊಂದು ಇಡೀ ಸಮುದಾಯದ ಸಂಬಳದ ಪಕ್ಕ ಇಡುವುದು ಎಂದರೆ ರ‍್ಯಾಂಕ್ ಬಂದ ಹುಡುಗರನ್ನು ಇಡೀ ತಾಲ್ಲೂಕಿನ ಜೊತೆ ಹೋಲಿಸಿದ ಹಾಗೆ.

ಒಂದು ಪ್ರಯೋಗದ ಕಥೆ ಕೇಳಿ. ಮರಿಯಾನ್ ಬರ್ಟ್ರಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಎಂಬ ಅರ್ಥಶಾಸ್ತ್ರಜ್ಞರು ಬಾಸ್ಟನ್ ಮತ್ತು ಶಿಕಾಗೋದಲ್ಲಿ ಕೆಲಸದ ಜಾಹೀರಾತುಗಳಿಗೆ ಸುಮಾರು 5,000 ರೆಸ್ಯೂಮೆ ಕಳಿಸಿದರು. ಎಲ್ಲವೂ ಕಾಲ್ಪನಿಕ. ಕೆಲವಕ್ಕೆ ಎಮಿಲಿ, ಗ್ರೆಗ್ ಅಂತ ಹೆಸರು. ಕೆಲವಕ್ಕೆ ಲಕೀಷಾ, ಜಮಾಲ್. 2004ರಲ್ಲಿ ಫಲಿತಾಂಶ ಅಚ್ಚಾಯಿತು. ಬಿಳಿಯರ ಹೆಸರಿಗೆ ಸುಮಾರು 10 ರೆಸ್ಯೂಮೆಗೆ ಒಂದು ಫೋನ್ ಬಂದರೆ, ಕಪ್ಪು ಜನರ ಹೆಸರಿಗೆ 15 ಕಳಿಸಬೇಕಾಯಿತು. ಓದು, ಅನುಭವ ಅಷ್ಟೇ ಇದ್ದರೂ ಹೀಗೆ. 'ಎಲ್ಲರಿಗೂ ಒಂದೇ ಅಳತೆ ಇರಲಿ' ಅನ್ನುವುದು ಸರಿಯಾದ ಮಾತೇ. ಆ ಅಳತೆ ಇಂಟರ್‌ವ್ಯೂಗೂ ಮುಂಚೆ, ಹೆಸರು ನೋಡಿದಾಗಲೇ ಶುರುವಾಗಬೇಕು ಅಷ್ಟೆ.

'ಇಲ್ಲೂ ರಿಸರ್ವೇಶನ್ ಇದೆ' ಅಂತ ಹೇಳಬೇಡಿ. ಮೈಸೂರಿನ ಜಗಳವನ್ನು ಇಲ್ಲಿಗೆ ಹೊತ್ತು ತರುವುದು ನಮ್ಮವರಿಗೆ ಸಲೀಸು, ಏಕೆಂದರೆ ನಮ್ಮದು ಹಳೇ ಜಗಳ. ನಾಲ್ವಡಿಯವರ ಕಾಲದಲ್ಲಿ, 1918ರಲ್ಲೇ, ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದವರಿಗೂ ಪಾಲು ಸಿಗುವುದು ಹೇಗೆ ಅಂತ ನೋಡಲು ಮಿಲ್ಲರ್ ಸಮಿತಿ ಆಯಿತು. ಅಲ್ಲಿಂದ ಮುಂದೆ ಮೈಸೂರು ಸರ್ಕಾರ ಕಾಲೇಜು ಸೀಟುಗಳಲ್ಲಿ 68% ಮೀಸಲಿಟ್ಟಾಗ, ಬಾಲಾಜಿ ಮೊಕದ್ದಮೆಯಲ್ಲಿ ಭಾರತದ ಸುಪ್ರೀಂ ಕೋರ್ಟು 50%ರ ಮಿತಿಯ ಮಾತು ಎತ್ತಿತು. ಅಮೆರಿಕದ ದಾರಿ ಬೇರೆ. ಕಾಲೇಜಿನಲ್ಲಿ ಜನಾಂಗಕ್ಕೆ ಇಷ್ಟು ಸೀಟು ಅಂತ ಲೆಕ್ಕ ಕಟ್ಟಿಡುವುದು 1978ರಲ್ಲಿ, ಬಾಕಿ (Bakke) ಎಂಬುವರ ಮೊಕದ್ದಮೆಯ ತೀರ್ಪಿನಲ್ಲೇ ಬಿದ್ದುಹೋಯಿತು. ಉಳಿದದ್ದು, ಹಲವು ಅಂಶಗಳ ಜೊತೆ ಜನಾಂಗವನ್ನೂ ನೋಡಬಹುದು ಅನ್ನುವುದು. ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಮೊಕದ್ದಮೆಗಳಲ್ಲಿ, 2023ರ ಜೂನ್‌ನಲ್ಲಿ ಅದಕ್ಕೂ ತೆರೆ ಬಿತ್ತು. ಹೈಸ್ಕೂಲ್ ಮಕ್ಕಳಿರುವ ನಮ್ಮ ಅಪ್ಪ-ಅಮ್ಮಂದಿರು ಕೆಲವರು ಖುಷಿಪಟ್ಟರು. ಹಳೇ ವಿದ್ಯಾರ್ಥಿಗಳ ಮಕ್ಕಳಿಗೆ ಸಿಗುವ ರಿಯಾಯಿತಿಯನ್ನು ಆ ತೀರ್ಪು ಮುಟ್ಟಲಿಲ್ಲ ಅನ್ನುವುದನ್ನು ಮಾತ್ರ ಯಾರೂ ಜಾಸ್ತಿ ಮಾತಾಡುವುದಿಲ್ಲ.

ಕೆಲಸದ ವಿಷಯವೇ ಬೇರೆ. ಜನಾಂಗ ನೋಡಿ ಕೆಲಸ ಕೊಡುವುದು, ಬಿಡುವುದು 1964ರ ಕಾಯ್ದೆಯಲ್ಲೇ ನಿಷಿದ್ಧ. ಯಾರಿಗಾದರೂ ಪ್ರಮೋಷನ್ ಬಂದರೆ 'ಡೈವರ್ಸಿಟಿ ಕೋಟಾದಲ್ಲಿ ಬಂತು' ಅಂತ ಸುಮ್ನೆ ಗೊಣಗಬೇಡಿ. ಕನ್ನಡದಲ್ಲೂ ಬೇಡ. ಪಕ್ಕದ ಕ್ಯೂಬಿಕಲ್‌ನಲ್ಲಿ ಯಾರಿರುತ್ತಾರೋ! ಕಾಯ್ದೆ ಎರಡೂ ಕಡೆಗೆ ಒಂದೇ. ಓಹಾಯೋದ ಮಹಿಳೆಯೊಬ್ಬರು ತಾನು ಸಲಿಂಗಿಯಲ್ಲ ಅನ್ನುವ ಕಾರಣಕ್ಕೇ ಬಡ್ತಿ ತಪ್ಪಿತು ಎಂದು ದೂರಿದ್ದರು. ಬಹುಸಂಖ್ಯಾತರು ಅಂತ ಅವರಿಂದ ಹೆಚ್ಚಿನ ಪುರಾವೆ ಕೇಳುವಂತಿಲ್ಲ ಎಂದು 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನ ಎಲ್ಲ ನ್ಯಾಯಮೂರ್ತಿಗಳೂ ಒಮ್ಮತದಿಂದ ಹೇಳಿದರು.

ಈ ಅಳತೆ ನಮ್ಮ ಮೇಲೂ ಬೀಳುತ್ತದೆ. ಒಂದು ದೊಡ್ಡ ಐಟಿ ಸರ್ವಿಸಸ್ ಕಂಪನಿ ಭಾರತೀಯರಲ್ಲದವರಿಗೆ ಭೇದ ಮಾಡಿದೆ ಎಂದು 2024ರಲ್ಲಿ ಲಾಸ್ ಏಂಜಲೀಸ್‌ನ ಜ್ಯೂರಿ ತೀರ್ಮಾನಿಸಿತು. ಹೀಗಾಗುವುದು ದೊಡ್ಡ ಸಂಚಿನಿಂದಲೇ ಆಗಬೇಕಿಲ್ಲ. ಟೀಮಿನಲ್ಲಿ ಒಂದು ಜಾಗ ಖಾಲಿ ಆಗುತ್ತದೆ. ಅದು ಮೊದಲು ನಮ್ಮ ಕಾಲೇಜಿನ ವಾಟ್ಸ್ಆಪ್ ಗುಂಪಿಗೆ ಬೀಳುತ್ತದೆ. ಸಂಜೆಯೊಳಗೆ ನಾಲ್ಕು ರೆಫರಲ್, ನಾಲ್ಕೂ ನಮ್ಮವೇ. ಇಂಟರ್‌ವ್ಯೂನಲ್ಲಿ ನಮ್ಮ ಹುಡುಗನಿಗೆ 'ಯಾವ ಊರು?' ಅಂತ ಹತ್ತು ನಿಮಿಷ, ಬೇರೆಯವನಿಗೆ ನೇರ ಕೋಡಿಂಗ್ ಪ್ರಶ್ನೆ. ನೀವು ಆ ಪ್ಯಾನೆಲ್‌ನಲ್ಲಿ ಕೂತರೆ ಎಲ್ಲರಿಗೂ ಅವೇ ಪ್ರಶ್ನೆ ಕೇಳಿ. ಉತ್ತರಕ್ಕೆ ಅಲ್ಲೇ ಅಂಕ ಬರೆದಿಡಿ. 'ಕಲ್ಚರ್ ಫಿಟ್ ಇಲ್ಲ' ಅಂತ ಒಂದೇ ಸಾಲಿನಲ್ಲಿ ಮುಗಿಸಬೇಡಿ.

ಜಾತಿಯೂ ಹಾಗೇ. ಸಿಯಾಟಲ್ ನಗರ 2023ರಲ್ಲಿ ಜಾತಿಭೇದವನ್ನು ಹೆಸರು ಹೇಳಿಯೇ ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ ಇಂಥದ್ದೇ ಮಸೂದೆಯನ್ನು ಗವರ್ನರ್ ನ್ಯೂಸಮ್ ತಿರಸ್ಕರಿಸಿದರು. ಇರಲಿ, ಲಂಚ್‌ನಲ್ಲಿ ಸರ್‌ನೇಮ್ ಕೆದಕುವ ಚಾಳಿ ಬಿಡಿ.

ನಿಮಗೇ ಭೇದ ಆದರೆ? 1964ರ ಆ ಕಾಯ್ದೆ ಎಚ್-1ಬಿಯವರಿಗೂ ಅನ್ವಯಿಸುತ್ತದೆ, ಕಂಪನಿಯಲ್ಲಿ 15 ಜನರಾದರೂ ಇರಬೇಕು. ಉಚ್ಚಾರಣೆ ಕೆಲಸಕ್ಕೆ ನಿಜವಾಗಿ ತೊಡಕಾಗದಿದ್ದರೆ ಅದನ್ನು ನೆಪ ಮಾಡುವಂತಿಲ್ಲ. ಏನಾಯಿತು, ಯಾರ ಮುಂದೆ, ಯಾವ ದಿನ ಅಂತ ಮನೆಯ ಪುಸ್ತಕದಲ್ಲಿ ಬರೆದಿಡಿ, ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಬೇಡ. ಎಚ್‌ಆರ್‌ಗೆ ಹೇಳುವುದಾದರೆ ಇಮೇಲ್‌ನಲ್ಲೇ ಹೇಳಿ. ಕೆಲಸದಲ್ಲಾಗುವ ಭೇದವನ್ನು ವಿಚಾರಿಸುವ ಕೇಂದ್ರ ಸರ್ಕಾರದ ಸಂಸ್ಥೆ ಇಇಒಸಿಗೆ ದೂರು ಕೊಡಲು 180 ದಿನ ಇರುತ್ತದೆ, ಇಂಥದ್ದೇ ರಾಜ್ಯದ ಸಂಸ್ಥೆ ಇರುವ ಕಡೆ 300. ಎಚ್‌ಆರ್ ತನಿಖೆ ನಡೀತಾ ಇದೆ ಅಂತ ಆ ಗಡುವು ನಿಲ್ಲುವುದಿಲ್ಲ.