ಮೋಡೆಮ್ ಹೇಳುವ ಅಂಕಿಗಳನ್ನು ಓದಲು ಕಲಿತದ್ದು

ಮನೆಯಲ್ಲಿ ಯಾರಾದರೂ ‘ವೈಫೈ ಬರುತ್ತಿಲ್ಲ’ ಎಂದರೆ ನಾನು ವೈಫೈ ತಂಟೆಗೆ ಮೊದಲು ಹೋಗುವುದಿಲ್ಲ. ಮೊಬೈಲ್‌ನಲ್ಲಿ ವೈಫೈ ಗುರುತು ತುಂಬಿಕೊಂಡಿದ್ದೂ ಪುಟ ತೆರೆಯದಿದ್ದರೆ, ಸಾಮಾನ್ಯವಾಗಿ ಮೊಬೈಲ್‌ಗೂ ರೌಟರ್‌ಗೂ ನಡುವೆ ಎಲ್ಲವೂ ಸರಿಯಿದೆ ಎಂದು ಅರ್ಥ. ತೊಂದರೆ ಇರುವುದು ಅದರಾಚೆ: ರೌಟರ್‌ನಲ್ಲಿ, ಮೋಡೆಮ್‌ನಲ್ಲಿ, ಇಲ್ಲವೇ ಗೋಡೆಯಿಂದ ಹೊರಬರುವ ಕೇಬಲ್‌ನಲ್ಲಿ.

ಮೋಡೆಮ್ ಮತ್ತು ರೌಟರ್ ಎರಡೂ ಹೆಚ್ಚಾಗಿ ಒಂದೇ ಪೆಟ್ಟಿಗೆಯಲ್ಲಿ ಬರುವುದರಿಂದ ಎಷ್ಟೋ ಜನರಿಗೆ ಅವು ಬೇರೆಬೇರೆ ಎಂಬುದೇ ಗೊತ್ತಿರುವುದಿಲ್ಲ. ಟಿವಿ ಕೇಬಲ್‌ನಂಥ ದಪ್ಪ ತಂತಿಯಲ್ಲಿ ಬರುವ ಸಿಗ್ನಲ್ಲನ್ನು ಕಂಪ್ಯೂಟರ್‌ಗೆ ಅರ್ಥವಾಗುವ ಈಥರ್ನೆಟ್‌ಗೆ, ಅಂದರೆ ಸಾಧನಗಳನ್ನು ತಂತಿಯಿಂದ ಜೋಡಿಸುವ ಜಾಲದ ಭಾಷೆಗೆ, ಬದಲಿಸುವುದು ಮೋಡೆಮ್. ಹೀಗೆ ಸಿಕ್ಕ ಒಂದೇ ಸಂಪರ್ಕವನ್ನು ಮನೆಯ ಎಲ್ಲ ಸಾಧನಗಳಿಗೂ ಹಂಚಿ, ಒಂದೊಂದಕ್ಕೂ ಐಪಿ ವಿಳಾಸ (ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಕೊಡುವುದು ರೌಟರ್. ನಾನಂತೂ ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟುಕೊಂಡಿದ್ದೇನೆ. ಕೆಟ್ಟಾಗ ಯಾವುದು ಕೆಟ್ಟಿದೆ ಎಂದು ಬೇಗ ತಿಳಿಯುತ್ತದೆ.

ಒಂದು ಕಾಲಕ್ಕೆ ನಮ್ಮ ಸಂಪರ್ಕ ಆಗಾಗ ಕಡಿದುಹೋಗುತ್ತಿತ್ತು. ಸಹಾಯವಾಣಿಗೆ ಕರೆ ಮಾಡಿದರೆ ‘ರೌಟರ್ ಆಫ್ ಮಾಡಿ ಆನ್ ಮಾಡಿ’ ಎಂಬ ಒಂದೇ ಮಂತ್ರ. ಕೊನೆಗೆ ಬ್ರೌಸರ್‌ನಲ್ಲಿ 192.168.100.1 ಎಂದು ಬರೆದೆ. ಬಹುತೇಕ ಕೇಬಲ್ ಮೋಡೆಮ್‌ಗಳ ಸ್ಥಿತಿಪುಟ ತೆರೆಯುವುದು ಈ ವಿಳಾಸದಲ್ಲಿಯೇ. ಅಲ್ಲಿ ತುಂಬ ಅಂಕಿಗಳಿರುತ್ತವೆ, ಆದರೆ ನೋಡಬೇಕಾದವು ಮೂರೇ. ಡೌನ್‌ಸ್ಟ್ರೀಮ್ ಪವರ್ ಎಂದರೆ ಕಂಪನಿಯ ಕಡೆಯಿಂದ ನಮಗೆ ತಲುಪುವ ಸಿಗ್ನಲ್‌ನ ಬಲ. dBmV ಎಂಬ ಡೆಸಿಬಲ್ ಅಳತೆಯಲ್ಲಿ ಇದು ಸೊನ್ನೆಯ ಆಸುಪಾಸಿನಲ್ಲಿ, ಹೆಚ್ಚೆಂದರೆ ಏಳರಷ್ಟು ಮೇಲೆ ಕೆಳಗೆ ಇದ್ದರೆ ನಿಶ್ಚಿಂತೆ. ಎಸ್‌ಎನ್‌ಆರ್ ಎಂದರೆ ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎಂಬ ಲೆಕ್ಕ. ಅದು 33 ಡೆಸಿಬಲ್ ದಾಟಿದ್ದರೆ ಒಳ್ಳೆಯದು. ಅಪ್‌ಸ್ಟ್ರೀಮ್ ಪವರ್, ಅಂದರೆ ಮೋಡೆಮ್ ಕಂಪನಿಯ ಕಡೆಗೆ ಕಳಿಸುವ ಸಿಗ್ನಲ್‌ನ ಬಲದ ರೀತಿ ಬೇರೆ: ಅದು ಹೆಚ್ಚಿದಷ್ಟೂ ಕೆಡುಕು. ದೂರದಲ್ಲಿರುವವರಿಗೆ ಕೇಳಿಸದಿದ್ದಾಗ ನಾವು ದನಿ ಏರಿಸುವಂತೆ ಮೋಡೆಮ್ ಕೂಡ ಕೂಗತೊಡಗುತ್ತದೆ. 50 ದಾಟಿತೆಂದರೆ ಅದರ ಗಂಟಲು ಕಟ್ಟುವ ಹೊತ್ತು.

ನಮ್ಮದರಲ್ಲಿ ಡೌನ್‌ಸ್ಟ್ರೀಮ್ ಮೈನಸ್ 11, ಅಪ್‌ಸ್ಟ್ರೀಮ್ 52 ಇತ್ತು. ಕೇಬಲ್ ಹಿಡಿದುಕೊಂಡೇ ಹುಡುಕುತ್ತ ಹೋದೆ. ಟಿವಿಯ ಹಿಂದೆ, ಧೂಳಿನಲ್ಲಿ, ಒಂದರ ಬೆನ್ನಿಗೆ ಒಂದರಂತೆ ಎರಡು ಸ್ಪ್ಲಿಟರ್‌ಗಳು (ಒಂದು ಕೇಬಲ್‌ನ ಸಿಗ್ನಲ್ಲನ್ನು ಕವಲುಗಳಾಗಿ ಹಂಚುವ ಪುಟ್ಟ ಡಬ್ಬಿ) ಸಿಕ್ಕವು. ಎರಡನೆಯದರ ಒಂದು ಬಾಯಿಗೆ ಏನನ್ನೂ ಜೋಡಿಸಿರಲಿಲ್ಲ. ಎರಡು ಕವಲಿನ ಸ್ಪ್ಲಿಟರ್ ಒಂದೊಂದು ಕವಲಿಗೂ ಅರ್ಧಕ್ಕಿಂತ ಕಡಿಮೆ ಶಕ್ತಿಯನ್ನು ಕೊಡುತ್ತದೆ. ಡೆಸಿಬಲ್ ಲೆಕ್ಕದಲ್ಲಿ ಸುಮಾರು ಮೂರೂವರೆ ನಷ್ಟ. ಎರಡಕ್ಕೆ ಏಳು. ಎರಡನ್ನೂ ಕಳಚಿ ಕೇಬಲ್ಲನ್ನು ನೇರವಾಗಿ ಮೋಡೆಮ್‌ಗೆ ಕೊಟ್ಟೆ. ಕನೆಕ್ಟರ್ ಒಳಗಿನ ತಾಮ್ರದ ಸೂಜಿ ಕಪ್ಪಾಗಿತ್ತು, ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದೆ. ಕೈಯಲ್ಲಿ ಬಿಗಿ ಮಾಡಿ, ಮೇಲೆ 11 ಮಿ.ಮೀ. ಸ್ಪ್ಯಾನರ್‌ನಿಂದ ತುಸುವೇ ತಿರುಗಿಸಿದರೆ ಸಾಕು; ಬಲ ಹಾಕಿದರೆ ಮೋಡೆಮ್‌ನ ಬಾಯಿಯೇ ಕಿತ್ತುಬಂದೀತು. ಪುಟವನ್ನು ಮತ್ತೆ ತೆರೆದಾಗ ಡೌನ್‌ಸ್ಟ್ರೀಮ್ ಮೈನಸ್ 4ಕ್ಕೆ ಏರಿ, ಅಪ್‌ಸ್ಟ್ರೀಮ್ 45ಕ್ಕೆ ಇಳಿದಿತ್ತು. ಸಂಪರ್ಕ ಕಡಿಯುವುದು ನಿಂತಿತು.

ವೇಗದ ತಕರಾರು ಬೇರೆಯದೇ ಕಥೆ. 200 ಮೆಗಾಬಿಟ್ ಸಂಪರ್ಕವಿದ್ದರೂ ಒಂದು ಕಂಪ್ಯೂಟರ್ ಮಾತ್ರ 94ಕ್ಕೆ ನಿಂತುಬಿಡುತ್ತಿತ್ತು. ಆ ಅಂಕಿಯನ್ನು ಕಂಡರೆ ಕಂಪನಿಯನ್ನು ಬೈಯುವ ಮುನ್ನ ರೌಟರ್‌ನಿಂದ ಕಂಪ್ಯೂಟರ್‌ಗೆ ಹೋಗುವ ತಂತಿಯನ್ನು ನೋಡಿ. ಗಿಗಾಬಿಟ್ (ಸೆಕೆಂಡಿಗೆ 1000 ಮೆಗಾಬಿಟ್) ಈಥರ್ನೆಟ್‌ಗೆ ಈ ತಂತಿಯ ಒಳಗಿನ ಎಂಟೂ ಎಳೆಗಳು ಬೇಕು. ಒಂದು ತುಂಡಾದರೂ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿಯಬಹುದು. ತಂತಿ ಬದಲಿಸಿದೆ, ಸರಿಹೋಯಿತು. ಹಾಗೆಯೇ, ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ, 200 ಮೆಗಾಬಿಟ್ ಎಂದರೆ ಸೆಕೆಂಡಿಗೆ 25 ಮೆಗಾಬೈಟ್ ಮಾತ್ರ. ಜಾಹೀರಾತಿನವರು ಯಾವಾಗಲೂ ಬಿಟ್‌ನಲ್ಲೇ ಮಾತನಾಡುತ್ತಾರೆ, ಏಕೆಂದು ಹೇಳಬೇಕಿಲ್ಲ.

ರೌಟರ್ ಬದಲಿಸುವವರಿಗೆ ಇನ್ನೊಂದು ಮಾತು. ಅನೇಕ ಕೇಬಲ್ ಮೋಡೆಮ್‌ಗಳು ಮೊದಲು ಜೋಡಿಸಿದ ಸಾಧನದ ಮ್ಯಾಕ್ ವಿಳಾಸವನ್ನು (ತಯಾರಕರು ಪ್ರತಿ ಸಾಧನಕ್ಕೂ ಕೊಡುವ ಗುರುತಿನ ಸಂಖ್ಯೆ) ನೆನಪಿಟ್ಟುಕೊಂಡು, ಹೊಸದಕ್ಕೆ ಐಪಿ ವಿಳಾಸ ಸಿಗಲು ಬಿಡುವುದಿಲ್ಲ. ಹಾಗಾಗಿ ಹೊಸ ರೌಟರ್ ಜೋಡಿಸಿದ ಮೇಲೆ ಮೋಡೆಮ್‌ನ ವಿದ್ಯುತ್ ತಂತಿಯನ್ನು ಕಿತ್ತು, ಒಂದು ನಿಮಿಷ ಬಿಟ್ಟು ಮತ್ತೆ ಸಿಕ್ಕಿಸುತ್ತೇನೆ. ಒಳಗೆ ಬ್ಯಾಟರಿ ಇರುವ ಮೋಡೆಮ್ ಆದರೆ ಬ್ಯಾಟರಿಯನ್ನೂ ತೆಗೆಯಬೇಕು.