ವಿಗ್ ಬಣ್ಣ ಆರಿಸಲು ನಾಲ್ಕು ಜಂಪರ್ ಪೀಸ್ ಸಾಕು

ಮಾರಿದ ವಿಗ್ ಬಣ್ಣ ಒಪ್ಪಲಿಲ್ಲವೆಂದು ವಾಪಸ್ ಬರುವುದು ನಿಂತು ಹೆಚ್ಚುಕಡಿಮೆ ಎರಡು ವರ್ಷವಾಯಿತು. ಮೊದಲು ಹತ್ತು ಕೊಟ್ಟರೆ ಮೂರು ನಾಲ್ಕು ತಿರುಗಿ ಬರುತ್ತಿದ್ದವು. ಈಗ ವರ್ಷಕ್ಕೆ ಒಂದೋ ಎರಡೋ, ಅದೂ ಕ್ಯಾಪ್ ಅಳತೆಯ ತಕರಾರಿಗೆ. "ಕರೀ ಕೂದಲಾಗ ಏನ್ ಬಣ್ಣ ಆರಸ್ತೀರಿ ಅಕ್ಕಾರ, ಕರಿ ಅಂದ್ರ ಕರಿ" ಎಂದು ನಕ್ಕಿದ್ದ ಸಗಟು ವ್ಯಾಪಾರಿಯೇ ಈಗ ತನ್ನ ಗಿರಾಕಿಗಳನ್ನು ಹುಬ್ಬಳ್ಳಿಯ ನನ್ನ ಕೋಣೆಗೆ ಕಳಿಸುತ್ತಾನೆ. ಇದೇ ಕಸುಬಿನವರಿಗಾಗಿ ಬರೆಯುತ್ತಿದ್ದೇನೆ. ಲೇಸ್, ಮೋನೋ (ಕೂದಲು ಕೂರಿಸುವ ತೆಳು ಬಲೆ ಬಟ್ಟೆಗಳು), ವೆಫ್ಟ್ (ಸಾಲಾಗಿ ಹೊಲಿದ ಕೂದಲಿನ ಪಟ್ಟಿ) ಇವನ್ನು ಇದಕ್ಕಿಂತ ಹೆಚ್ಚು ವಿವರಿಸುತ್ತ ಕೂರುವುದಿಲ್ಲ.

ನನ್ನಲ್ಲಿಗೆ ಬರುವವರಲ್ಲಿ ಮುಕ್ಕಾಲು ಪಾಲು ಕಿಮೋ ನಡೆಯುತ್ತಿರುವ ಹೆಂಗಸರು. ಉಳಿದವರು ನೆತ್ತಿ ತೆಳುವಾದವರು, ಜಾತ್ರೆ ಹೊತ್ತಿಗೆ ನಾಟಕದವರು. ಮೊದಲು ಕೂದಲು ಯಾವ ಬಣ್ಣವಿತ್ತೋ ಅದನ್ನೇ ಕೊಡುವುದು ನಮ್ಮಲ್ಲಿನ ರೂಢಿ. ಕೆಲಸ ಕೆಡುವುದೇ ಅಲ್ಲಿ. ಕಿಮೋ ನಡೆಯುವಾಗ ಮೈಬಣ್ಣ ಮೊದಲಿನಂತೆ ಇರುವುದಿಲ್ಲ. ರಕ್ತ ಕಡಿಮೆಯಾಗಿ ಕೆಲವರು ಬಿಳಿಚಿಕೊಳ್ಳುತ್ತಾರೆ, ಕೆಲವು ಔಷಧಿಗಳಿಗೆ ಮುಖ, ಉಗುರು ಕಪ್ಪಾಗುತ್ತವೆ. ಎಷ್ಟೋ ಮಂದಿಗೆ ಹುಬ್ಬೂ ಉದುರಿರುತ್ತದೆ. ಹುಬ್ಬಿಲ್ಲದ ಮುಖಕ್ಕೆ 1ನೇ ನಂಬರಿನ ಕಡುಗಪ್ಪು ಕೂರಿಸಿದರೆ ನೋಡುವವರಿಗೆ ವಿಗ್ ಮಾತ್ರ ಕಾಣುತ್ತದೆ.

ಚರ್ಮದ ಒಳಬಣ್ಣ (ಮೇಲ್ಬಣ್ಣದ ಅಡಿಯ ಛಾಯೆ; ಹಳದಿ ಕಡೆಗಿದ್ದರೆ ಬೆಚ್ಚನೆಯದು, ನೀಲಿ-ಗುಲಾಬಿ ಕಡೆಗಿದ್ದರೆ ತಣ್ಣನೆಯದು) ನೋಡಿ ಆರಿಸಬೇಕು ಎನ್ನುವುದು ಎಲ್ಲರಿಗೂ ಗೊತ್ತು. ನೋಡುವುದು ಹೇಗೆ ಎನ್ನುವುದರಲ್ಲೇ ನನ್ನ ಒಂದು ವರ್ಷ ಹೋಯಿತು. ಮುಂಗೈ ನರ ಹಸಿರೋ ನೀಲಿಯೋ ನೋಡುವ ಪರೀಕ್ಷೆ ನಮ್ಮ ಜನಕ್ಕೆ ಕೆಲಸಕ್ಕೆ ಬಾರದು. ಎಣ್ಣೆಗಪ್ಪು ಮೈಯವರಲ್ಲಿ ನರವೇ ಕಾಣುವುದಿಲ್ಲ. ಕಿಮೋದವರಿಗೆ ಸೂಜಿ ಚುಚ್ಚಿ ಚುಚ್ಚಿ ನರದ ಮೇಲಿನ ಚರ್ಮವೇ ಕಪ್ಪಿಟ್ಟಿರುತ್ತದೆ. ಬಂಗಾರ ಒಪ್ಪುತ್ತದೋ ಬೆಳ್ಳಿಯೋ ಎಂಬ ಇನ್ನೊಂದು ಪರೀಕ್ಷೆಯಿದೆ. ಹುಬ್ಬಳ್ಳಿಯಲ್ಲಿ ಕೂತು ಕೇಳಿದರೆ ಬೆಳ್ಳಿ ಎನ್ನುವ ಹೆಂಗಸು ಯಾರಿದ್ದಾಳೆ? ಫೋಟೋ ತರಿಸಿ ನೋಡುವುದನ್ನೂ ಮಾಡಿದೆ. ಮೊಬೈಲ್ ತನಗೆ ಬೇಕಾದಂತೆ ಬಿಳಿ ತಿದ್ದುತ್ತದೆ, ಮುಖ ನುಣ್ಣಗೆ ಮಾಡುತ್ತದೆ. ಒಂದೇ ಹೆಣ್ಣುಮಗಳ ಮೂರು ಫೋಟೋದಲ್ಲಿ ಮೂರು ಮೈಬಣ್ಣ.

ಕೊನೆಗೆ ಕೆಲಸ ಕೊಟ್ಟದ್ದು ಮನೆಯ ಟ್ರಂಕಿನಲ್ಲಿ ಬಿದ್ದಿದ್ದ ಉಡಿ ತುಂಬಿದ ಜಂಪರ್ ಪೀಸುಗಳು. ಹೊಳಪಿಲ್ಲದ ಸಾದಾ ರುಬಿಯಾ ಬಟ್ಟೆಯೇ ಆಗಬೇಕು. ಗುಳೇದಗುಡ್ಡದ ಖಣ ಚೆಂದ, ಆದರೆ ಇಲ್ಲಿ ನಡೆಯುವುದಿಲ್ಲ. ಅದರ ಹೊಳಪು ಗದ್ದಕ್ಕೆ ಬಡಿದು ಲೆಕ್ಕ ತಪ್ಪಿಸುತ್ತದೆ. ನಾನಿಟ್ಟುಕೊಂಡಿರುವುದು ನಾಲ್ಕು: ಅಚ್ಚ ಬಿಳಿ, ಕೆನೆ ಬಣ್ಣ, ರಾಣಿ, ಇಟ್ಟಿಗೆ ಕೆಂಪು. ತಲೆಗೆ ಬೂದು ಬಟ್ಟೆ ಕಟ್ಟಿ ಮೊದಲು ಎರಡು ಬಿಳಿ, ಆಮೇಲೆ ಎರಡು ಕೆಂಪು ಗದ್ದದ ಕೆಳಗೆ ಹಿಡಿಯುತ್ತೇನೆ. ಬಟ್ಟೆಯ ಅಂದ ನೋಡಬೇಡಿ. ಕಣ್ಣಿನ ಕೆಳಗಿನ ಕಪ್ಪು, ತುಟಿಯ ಸುತ್ತಲಿನ ಚರ್ಮ ನೋಡಿ. ಅಚ್ಚ ಬಿಳಿ ಮತ್ತು ರಾಣಿಗೆ ಆ ಕಪ್ಪು ತಿಳಿಯಾದರೆ ತಣ್ಣನೆಯ ಒಳಬಣ್ಣ, ಕೆನೆ ಮತ್ತು ಇಟ್ಟಿಗೆಗೆ ತಿಳಿಯಾದರೆ ಬೆಚ್ಚನೆಯದು. ಮುಖದ ಜೊತೆ ಕಿವಿಯ ಹಿಂದೆ, ತೋಳಿನ ಒಳಭಾಗದಲ್ಲೂ ಹಿಡಿದು ನೋಡುತ್ತೇನೆ, ಏಕೆಂದರೆ ದಿನಾ ಅರಿಷಿಣ ಹಚ್ಚುವವರ ಮುಖ ಯಾವಾಗಲೂ ಬೆಚ್ಚನೆಯದೆಂದೇ ಹೇಳುತ್ತದೆ. ಮುಖ ಮತ್ತು ತೋಳು ಬೇರೆ ಬೇರೆ ಹೇಳಿದರೆ ನಾನು ತೋಳನ್ನು ನಂಬುತ್ತೇನೆ. ಔಷಧಿಯ ಕಪ್ಪು ನಿಧಾನಕ್ಕೆ ಇಳಿಯುತ್ತದೆ, ವಿಗ್ ಇನ್ನೂ ಏಳೆಂಟು ತಿಂಗಳು ತಲೆಯ ಮೇಲಿರಬೇಕು.

ಬೆಳಕಿಗೆ ನಾನು ಕೊಟ್ಟಷ್ಟು ದುಡ್ಡು ಯಾರೂ ಕೊಡಬಾರದು. ಅಂಗಡಿಗಳಲ್ಲಿರುವ 6500 ಕೆಲ್ವಿನ್ ಬಿಳಿ ಟ್ಯೂಬಿನಲ್ಲಿ ಎಲ್ಲ ಮುಖವೂ ಬೂದಿ. 3000ದ ಹಳದಿ ಬಲ್ಬಿನಲ್ಲಿ ಎಲ್ಲರೂ ಮದುಮಗಳು. ನಡುವಿನ 4000 ತಂದೆ, ಬಣ್ಣ ಸರಿಯಾಗಿ ತೋರಿಸುತ್ತವೆ ಎಂಬ ದುಬಾರಿ ಬಲ್ಬ್ ತಂದೆ, ಎಲ್ಲ ಸೇರಿ ನಾಲ್ಕೈದು ಸಾವಿರ ಆಗಿರಬೇಕು. ಈಗ ಬೆಳಿಗ್ಗೆ ಹತ್ತರ ಸುಮಾರಿಗೆ ಉತ್ತರದ ಕಟ್ಟೆಯ ಮೇಲೆ, ನೆರಳಿನಲ್ಲಿ ಕೂರಿಸಿ ನೋಡುತ್ತೇನೆ. ಪಕ್ಕದ ಮನೆಯವರು ಗೋಡೆಗೆ ಗುಲಾಬಿ ಬಣ್ಣ ಹೊಡೆಸಿದ್ದರಿಂದ ಕೆಲವು ವಾರ ಎಲ್ಲರೂ ತಣ್ಣನೆಯವರಾಗಿಯೇ ಕಂಡರು. ಆ ಕಡೆ ಬೂದು ಬಣ್ಣದ ಕಂಬಳಿ ಕಟ್ಟಿದ ಮೇಲೆ ಸರಿಹೋಯಿತು.

ಇನ್ನು ಬಣ್ಣ. ಕಪ್ಪು ಮೈಗೆ ಕಪ್ಪು ವಿಗ್, ಬಿಳಿ ಮೈಗೆ ಬ್ರೌನ್ ಎನ್ನುವ ಅಂಗಡಿ ಲೆಕ್ಕ ಬಿಟ್ಟುಬಿಡಿ. ಎಣ್ಣೆಗಪ್ಪು ಮೈ, ತಣ್ಣನೆಯ ಒಳಬಣ್ಣ ಇದ್ದವರಿಗೆ 1ನೇ ನಂಬರು ನಿಜಕ್ಕೂ ಒಪ್ಪುತ್ತದೆ. ಧೈರ್ಯವಿದ್ದರೆ ತುದಿಯಲ್ಲಿ ನಾಲ್ಕೆಳೆ 99ಜೆ (ವೈನ್ ಕೆಂಪು) ಸೇರಿಸಿ, ಮುಖ ಎದ್ದು ಬರುತ್ತದೆ. ಅದೇ ಕಪ್ಪು ಮೈ ಬೆಚ್ಚನೆಯದಾದರೆ 1ಬಿ (ತುಸು ತಿಳಿಯಾದ ಕಪ್ಪು) ಬುಡ, ಒಳಗೆ ಸ್ವಲ್ಪ 33 (ಕಡು ಕೆಂಗಂದು). ಗೋಧಿ ಬಣ್ಣದ ಬೆಚ್ಚನೆಯವರಿಗೆ 2ರ (ಕಪ್ಪಿಗೆ ಹತ್ತಿರದ ಕಂದು) ಜೊತೆ 4 (ಅದಕ್ಕಿಂತ ತಿಳಿಯಾದ ಕಂದು). ತೆಳು ಮೈಬಣ್ಣ, ತಣ್ಣನೆಯವರಿಗೆ 30 (ತಿಳಿ ಕೆಂಗಂದು) ಕೊಟ್ಟರೆ ಜ್ವರ ಬಂದವರಂತೆ ಕಾಣುತ್ತಾರೆ, ಅವರಿಗೆ ಕೆಂಪಿಲ್ಲದ 2 ಸಾಕು.

ನನ್ನನ್ನು ನಿಜವಾಗಿ ಸತಾಯಿಸಿದ್ದು ನಾಲ್ಕು ಬಟ್ಟೆಗೂ ಒಂದೇ ರೀತಿ ಮಂಕಾಗುವ, ತುಸು ಹಸಿರು ಛಾಯೆಯ ಮೈ. ನಮ್ಮ ಕಡೆ ಇಂಥವರು ಬಹಳ. ಕೆಂಪು ಬ್ರೌನ್ ಇಟ್ಟರೆ ಹಸಿರು ಇನ್ನೂ ಹೆಚ್ಚುತ್ತದೆ, 1 ಇಟ್ಟರೆ ಮುಖ ಸೋತುಹೋಗುತ್ತದೆ. ಇವರಿಗೆ ಮೂರು ಶೇಡ್ ಬೆರೆಸಿ ಹಾಕುತ್ತೇನೆ. ಯಾವ ಮೂರು, ಎಷ್ಟೆಷ್ಟು ಎನ್ನುವುದು ನನ್ನಲ್ಲೇ ಇರಲಿ, ನನ್ನ ವ್ಯಾಪಾರ ನಡೆಯುತ್ತಿರುವುದೇ ಅದರ ಮೇಲೆ. ಬುಡದಲ್ಲಿ ಕೆಂಪು ಬೇಡ ಎಂದಷ್ಟು ಹೇಳುತ್ತೇನೆ.

ಎಲ್ಲ ಶೇಡಿನ ವಿಗ್ ತಂದಿಡಲು ಹೋದರೆ ಒಂದೂವರೆ ಲಕ್ಷ ಕಪಾಟಿನಲ್ಲೇ ಕೂರುತ್ತದೆ. ನನ್ನ ತಮ್ಮ ಬೈದದ್ದೂ ಅದಕ್ಕೇ. ಕಲರ್ ರಿಂಗಿನ (ಕಂಪನಿಯ ಶೇಡ್ ಮಾದರಿಗಳ ಬಳೆ) ಎಳೆ ಹಿಡಿದು ತೋರಿಸಿದರೆ ಗಿರಾಕಿಗೆ ಏನೂ ತಿಳಿಯುವುದಿಲ್ಲ. ಅದಕ್ಕೆ ಬಟ್ಟೆಯ ಹೇರ್‌ಬ್ಯಾಂಡಿಗೆ ಗೇಣುದ್ದದ ವೆಫ್ಟ್ ಹೊಲಿದು ಒಂದೊಂದು ಶೇಡಿಗೂ ಒಂದೊಂದು ಮುಂಗೂದಲು ಮಾಡಿಕೊಂಡೆ. ಒಂದಕ್ಕೆ ನೂರೈವತ್ತು ರೂಪಾಯಿ ಬಿದ್ದಿರಬಹುದು. ಹಣೆಗೆ ಕಟ್ಟಿ, ಮೇಲೆ ಸೆರಗು ಹೊದ್ದರೆ ವಿಗ್ ಹಾಕಿದಂತೆಯೇ. ಎರಡು ಶೇಡ್ ಆರಿಸಿದ ಮೇಲೆ ಕಟ್ಟಿಕೊಂಡೇ ಬಾಗಿಲವರೆಗೆ ಹೋಗಿ ಬರಲು ಹೇಳುತ್ತೇನೆ. ಮುಂಗಡ ಕೊಟ್ಟ ಮೇಲೇ ಆರ್ಡರ್. ಸಿಂಥೆಟಿಕ್ ಆದರೆ ನಾಲ್ಕೈದು ಸಾವಿರ, ನಿಜಗೂದಲಿನದು ಹದಿನೆಂಟರಿಂದ ಇಪ್ಪತ್ತೈದು ಸಾವಿರದ ಒಳಗೆ ಕೊಡುತ್ತೇನೆ.

ನಿಜಗೂದಲು ಕೊಪ್ಪಳದ ಪಕ್ಕದ ಭಾಗ್ಯನಗರದ್ದು. ದೇವಸ್ಥಾನದ ಮುಡಿ, ಪಾತ್ರೆಯವರು ಊರೂರು ತಿರುಗಿ ತಂದ ಬಾಚಣಿಗೆ ಕೂದಲು, ಎರಡೂ ಅಲ್ಲಿ ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕಂತೆ ವಿಂಗಡವಾಗುತ್ತವೆ. 2022ರ ಜನವರಿಯಲ್ಲಿ ಕಚ್ಚಾ ಕೂದಲಿನ ರಫ್ತಿಗೆ ಪರವಾನಗಿ ಕಡ್ಡಾಯವಾದ ಮೇಲೆ ನಮ್ಮಂಥ ಸಣ್ಣವರಿಗೂ ಮಾಲು ಸಿಗಬಹುದೆಂದುಕೊಂಡಿದ್ದೆ. ಒಳ್ಳೆಯ ಉದ್ದದ್ದು ಕೈಗೆ ಸಿಗುವುದು ಈಗಲೂ ಕಷ್ಟವೇ. ತೆಗೆದುಕೊಳ್ಳುವಾಗ ಬಿಸಿಲಿಗೆ ಹಿಡಿದು ನೋಡಿ. ಬಣ್ಣ ಹಾಕದ ನಮ್ಮ ಕೂದಲು ಬಿಸಿಲಿನಲ್ಲಿ ಕಂದು ಮಿಂಚುತ್ತದೆ, ಬಣ್ಣ ಹೊಡೆದ ಕಡುಗಪ್ಪು ನೀಲಿ ಮಿಂಚುತ್ತದೆ. ಬೆಚ್ಚನೆಯ ಮೈಗೆ ಆ ನೀಲಿ ಆಗಿಬರುವುದಿಲ್ಲ.

ಬಣ್ಣವನ್ನು ಮನೆಯಲ್ಲೇ ಮಾಡೋಣವೆಂದು ಮೆಹೆಂದಿ, ಆಮೇಲೆ ನೀಲಿ ಎಲೆ ಪುಡಿ ಹಚ್ಚಿ ನೋಡಿದ್ದೂ ಇದೆ. ಮೊದಲ ದಿನ ಹಸಿರಾಗಿ ಗಾಬರಿ ಮಾಡಿತು, ಮರುದಿನ ಗಾಳಿಗೆ ಕಪ್ಪಾಯಿತು. ಬೆಚ್ಚನೆಯವರಿಗೆ ಅಷ್ಟು ಒಪ್ಪುವ ಕಪ್ಪು ಯಾವ ಡಬ್ಬಿಯಲ್ಲೂ ಸಿಗದು. ಆದರೆ ಪ್ರತಿ ಸಲ ಒಂದೇ ಬಣ್ಣ ಬರಲಿಲ್ಲ, ಬೋರ್‌ವೆಲ್ ನೀರಿನಲ್ಲಿ ತೊಳೆದ ಕಟ್ಟು ಒರಟಾಗಿ ಹಾಳಾಯಿತು. ಮೂರು ಸಾವಿರ ರೂಪಾಯಿಯಷ್ಟು ಕೂದಲು ಹೋದ ಮೇಲೆ ಕೈಬಿಟ್ಟೆ. ಸಿಂಥೆಟಿಕ್ ಎಳೆಗೆ ಇದ್ಯಾವುದೂ ಹಿಡಿಯುವುದೇ ಇಲ್ಲ. ಲೇಸಿಗೆ ಮಾತ್ರ ಚಹಾ ಡಿಕಾಕ್ಷನ್ ಈಗಲೂ ಬಳಸುತ್ತೇನೆ. ಬೈತಲೆ ನೆತ್ತಿಯ ಬಣ್ಣಕ್ಕೆ ಬರದಿದ್ದರೆ ಕೂದಲು ಎಷ್ಟು ಒಪ್ಪಿದರೂ ವ್ಯರ್ಥ. ಡಿಕಾಕ್ಷನ್ನಿಗೆ ಇನ್ನೊಂದನ್ನು ಚಿಟಿಕೆಯಷ್ಟು ಹಾಕುತ್ತೇನೆ, ಅದನ್ನು ಕೇಳಬೇಡಿ.

ಐವತ್ತು ದಾಟಿದವರಿಗೆ ನೂರಕ್ಕೆ ಎಂಟ್ಹತ್ತು ಎಳೆ ನರೆ ಬೆರೆಸಿ ಎಂದರೆ ಎಲ್ಲರೂ ಬೇಡವೆನ್ನುತ್ತಾರೆ. ಕಿವಿಯ ಹತ್ತಿರ ಮಾತ್ರ ಎಂದು ಒಪ್ಪಿಸಿ. ಹಾಕಿಕೊಂಡು ಮದುವೆಗೆ ಹೋಗಿ ಬಂದ ಮೇಲೆ "ಯಾರಿಗೂ ಗೊತ್ತಾಗ್ಲಿಲ್ರೀ" ಎಂದು ಅವರೇ ಫೋನ್ ಮಾಡುತ್ತಾರೆ.

ಪ್ರತಿ ವಿಗ್ಗಿನಿಂದ ಒಂದು ಎಳೆ ಕತ್ತರಿಸಿ, ಶೇಡ್ ನಂಬರು, ಲಾಟು, ತಾರೀಖು ಬರೆದ ಲಕೋಟೆಯಲ್ಲಿಡಿ. ಒಂದೇ ಕಂಪನಿಯ 1ಬಿ ಸಹ ಲಾಟಿನಿಂದ ಲಾಟಿಗೆ ಬದಲಾಗುತ್ತದೆ. ಎರಡನೇ ವಿಗ್ಗಿಗೆ ಬಂದವರಿಗೆ ಮೊದಲಿನದೇ ಬೇಕಿರುತ್ತದೆ, ಹಳೆಯದು ಅಷ್ಟರಲ್ಲಿ ಬಿಸಿಲಿಗೆ ಮಾಸಿರುತ್ತದೆ, ಹೋಲಿಸಲು ಆ ಲಕೋಟೆಯೇ ಬೇಕು.