ಆಪಲ್ ಸೈಡರ್ ವಿನೆಗರ್ ನಿಮ್ಮ ಶುಗರ್ ಇಳಿಸುತ್ತಾ? ಆರು ದಿನ ಅಳೆದು ನೋಡಿ

ಊಟಕ್ಕೆ ಮೊದಲು ಒಂದು ಚಮಚ ಆಪಲ್ ಸೈಡರ್ ವಿನೆಗರ್ ಕುಡಿದರೆ ಶುಗರ್ ಇಳಿಯುತ್ತೆ ಅನ್ನುವ ಮಾತು ಕೇಳದವರು ಈಗ ಸಿಗುವುದೇ ಕಷ್ಟ. ನಿಜವಾಗಿ ಇಳಿಯುತ್ತಾ? ಸ್ವಲ್ಪ ಇಳಿಯಬಹುದು. ಎಲ್ಲರಿಗೂ ಅಲ್ಲ, ಎಲ್ಲ ಊಟಕ್ಕೂ ಅಲ್ಲ. ನಿಮ್ಮ ಮೈಗೆ ಆಗುತ್ತಾ ಅಂತ ತಿಳಿಯಲು ನೀವೇ ಅಳೆದು ನೋಡಬೇಕು. ಗ್ಲುಕೋಮೀಟರ್ ಇದ್ದರೆ ಆರು ದಿನದ ಕೆಲಸ.

ಮೊದಲು ಒಳಗೆ ಏನಾಗುತ್ತೆ ನೋಡೋಣ. ಸೇಬಿನ ರಸದ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ಆ ಆಲ್ಕೋಹಾಲನ್ನು ಬ್ಯಾಕ್ಟೀರಿಯಾ ಅಸಿಟಿಕ್ ಆಮ್ಲ ಮಾಡುತ್ತವೆ. ಬಾಟಲಿಯಲ್ಲಿ ಈ ಆಮ್ಲ ಸುಮಾರು ಶೇ 5ರಷ್ಟು ಇರುತ್ತದೆ, ಶುಗರ್ ವಿಷಯದಲ್ಲಿ ಮುಖ್ಯವಾಗಿ ಕೆಲಸ ಮಾಡುವುದು ಇದೇ. ಆಹಾರ ಹೊಟ್ಟೆಯಿಂದ ಕರುಳಿಗೆ ನಿಧಾನವಾಗಿ ಇಳಿಯುವಂತೆ ಇದು ಮಾಡುತ್ತದೆ. ಹಾಗಾಗಿ ಸಕ್ಕರೆ ರಕ್ತಕ್ಕೆ ಒಮ್ಮೆಲೇ ನುಗ್ಗುವುದಿಲ್ಲ. ಅಂದಮೇಲೆ ಸೇಬಿನದ್ದೇ ಆಗಬೇಕೆಂದಿಲ್ಲ. ಮಾಮೂಲಿ ಬಿಳಿ ವಿನೆಗರ್ ಬಳಸಿದ ಪ್ರಯೋಗಗಳಲ್ಲೂ ಬ್ರೆಡ್ ತಿಂದ ಮೇಲಿನ ಶುಗರ್ ಕಡಿಮೆ ಏರಿದೆ.

2004ರಲ್ಲಿ ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಕ್ಯಾರೊಲ್ ಜಾನ್‌ಸ್ಟನ್ ತಂಡ ಒಂದು ಪ್ರಯೋಗ ಮಾಡಿತು. ವಿನೆಗರ್ ಕುಡಿಸಿ, ಆಮೇಲೆ ಹಿಟ್ಟು-ಸಕ್ಕರೆ ಜಾಸ್ತಿ ಇರುವ ಊಟ ಕೊಟ್ಟರು. ಇನ್ಸುಲಿನ್ ಸರಿಯಾಗಿ ನಾಟದವರಲ್ಲಿ, ಊಟದ ನಂತರದ ಒಂದು ಗಂಟೆಯಲ್ಲಿ ಇನ್ಸುಲಿನ್ ಕೆಲಸ ಶೇ 34ರಷ್ಟು ಸುಧಾರಿಸಿತು. ಟೈಪ್ 2 ಮಧುಮೇಹ ಇದ್ದವರಲ್ಲಿ ಸುಧಾರಣೆ ಶೇ 19. ಆದರೆ ಆ ಎರಡನೇ ಅಂಕಿ ಗಟ್ಟಿಯಾಗಿ ನಂಬುವಷ್ಟು ಬಲವಾಗಿರಲಿಲ್ಲ. ಎಲ್ಲ ಸೇರಿ 30 ಜನಕ್ಕಿಂತ ಕಡಿಮೆ ಇದ್ದ ಸಣ್ಣ ಪ್ರಯೋಗ ಅದು. ತೂಕದ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. 2024ರಲ್ಲಿ ಲೆಬನಾನ್‌ನಿಂದ ಬಂದ ಒಂದು ಅಧ್ಯಯನ, ವಿನೆಗರ್‌ನಿಂದ ಭಾರಿ ತೂಕ ಇಳಿಯುತ್ತೆ ಅಂದಿತ್ತು. ಎಲ್ಲೆಡೆ ಸುದ್ದಿಯಾಯಿತು. ಅಂಕಿಅಂಶ ಸರಿ ಇಲ್ಲವೆಂದು, ಅದನ್ನು ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆಯೇ 2025ರಲ್ಲಿ ಅದನ್ನು ವಾಪಸ್ ಪಡೆಯಿತು. ಹಳೆಯ ಸುದ್ದಿ ಮಾತ್ರ ಇನ್ನೂ ಓಡಾಡುತ್ತಿದೆ.

ಮೊದಲು ಡಾಕ್ಟರಿಗೆ ಒಂದು ಮಾತು

ಇನ್ಸುಲಿನ್ ಅಥವಾ ಶುಗರ್ ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು, ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಡಿಗಾಕ್ಸಿನ್ ಎಂಬ ಹೃದಯದ ಮಾತ್ರೆ ನುಂಗುವವರು, ಕಿಡ್ನಿ ತೊಂದರೆ ಇರುವವರು ಕೇಳದೆ ಶುರು ಮಾಡಬೇಡಿ. ವಿನೆಗರ್ ಜಾಸ್ತಿಯಾದರೆ ಪೊಟ್ಯಾಸಿಯಂ ಇಳಿಯಬಹುದು. ಬಹಳ ವರ್ಷದ ಮಧುಮೇಹದಿಂದ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತಿದ್ದರೆ ಇದು ಬೇಡವೇ ಬೇಡ, ಇನ್ನೂ ನಿಧಾನ ಮಾಡುತ್ತದೆ. ಎದೆಯುರಿ ಇದ್ದವರೂ ದೂರ ಇರಿ. ಮಾತ್ರೆ ಯಾವುದನ್ನೂ ನೀವಾಗೇ ನಿಲ್ಲಿಸಬೇಡಿ, ದಯವಿಟ್ಟು.

ಬೆರೆಸುವ ಬಗೆ

ದೊಡ್ಡ ಲೋಟದ ತುಂಬ ನೀರು ತೆಗೆದುಕೊಳ್ಳಿ. ಅದಕ್ಕೆ ಒಂದು ಟೀ ಚಮಚ, ಅಂದರೆ 5 ಮಿ.ಲೀ. ವಿನೆಗರ್. ಎರಡು ದಿನ ಹೊಟ್ಟೆ ಒಪ್ಪಿದರೆ ಮೂರು ಟೀ ಚಮಚದವರೆಗೆ, ಅಂದರೆ 15 ಮಿ.ಲೀ.ವರೆಗೆ ಹೋಗಬಹುದು. ಅಲ್ಲಿಗೆ ಸಾಕು. ನೀರಿಲ್ಲದೆ ಗಟಗಟ ಕುಡಿಯುವುದು ಗಂಟಲಿಗೂ ಹಲ್ಲಿಗೂ ಕೆಟ್ಟದ್ದು. ಇದರ ಪಿಎಚ್, ಅಂದರೆ ಹುಳಿಯ ಅಳತೆ, 2ರಿಂದ 3. ಈ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಹಲ್ಲಿನ ಎನಾಮಲ್ 5.5ಕ್ಕೇ ಕರಗಲು ಶುರುವಾಗುತ್ತದೆ. ಸ್ಟ್ರಾ ಹಾಕಿ ಕುಡಿಯಿರಿ, ಆಮೇಲೆ ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬ್ರಷ್ ಮಾಡಬೇಡಿ. ಸಲಾಡ್‌ಗೆ ಕಲಸಿ ತಿಂದರೆ ಇನ್ನೂ ವಾಸಿ.

ಊಟದ ಜೊತೆಗೆ ಅಥವಾ ಊಟಕ್ಕೆ ಕೂರುವ ಮುನ್ನ ಕುಡಿಯಿರಿ. ಐದು ಗಂಟೆ ಮೊದಲೇ ಕುಡಿದವರಿಗೆ ಅಷ್ಟು ಲಾಭ ಕಂಡಿಲ್ಲ. ಬರೀ ಗ್ಲೂಕೋಸ್ ನೀರು ಕುಡಿದಾಗಲೂ ಇದು ಕೆಲಸ ಮಾಡಿಲ್ಲ. ಬ್ರೆಡ್, ಅನ್ನ, ಆಲೂಗಡ್ಡೆಯಂಥ ಪಿಷ್ಟದ ಊಟದ ಜೊತೆಗೇ ಇದರ ಕೆಲಸ.

ಅಳೆಯುವ ಬಗೆ

ಇಲ್ಲಿ ಆತುರ ಬೇಡ. ಪ್ರಮಾಣ ಗೊತ್ತಾದ ಮೇಲೆ ಒಂದೇ ಊಟ ಆರಿಸಿಕೊಳ್ಳಿ. ಅದೇ ಹೊತ್ತು, ಅದೇ ಅಳತೆ, ಆರು ದಿನ. ಒಂದು ದಿನ ವಿನೆಗರ್ ಬೇಡ, ಮರುದಿನ ಬೇಕು, ಹೀಗೆ ಅದಲು ಬದಲು. ಊಟಕ್ಕೆ ಮೊದಲು ಒಮ್ಮೆ, ಮೊದಲ ತುತ್ತಿನಿಂದ ಒಂದು ಗಂಟೆಗೆ ಒಮ್ಮೆ, ಎರಡು ಗಂಟೆಗೆ ಒಮ್ಮೆ ಚುಚ್ಚಿ ನೋಡಿ, ಒಂದು ಪುಸ್ತಕದಲ್ಲಿ ಬರೆದಿಡಿ. ಕೈ ತೊಳೆದು ಪೂರ್ತಿ ಒರೆಸಿ. ಬೆರಳಲ್ಲಿ ಹಣ್ಣಿನ ರಸ ಅಂಟಿದ್ದರೆ ಮೀಟರ್ ಸುಮ್ಸುಮ್ನೆ ಜಾಸ್ತಿ ತೋರಿಸುತ್ತದೆ.

ಒಂದು ಗಂಟೆಯ ಅಂಕಿ ಹೀಗೆ ಬಂತು ಅಂತಿಟ್ಟುಕೊಳ್ಳಿ. ವಿನೆಗರ್ ಇಲ್ಲದ ದಿನ 182, 175, 188. ವಿನೆಗರ್ ದಿನ 160, 168, 158. ಮೂರೂ ದಿನ ಕೆಳಗೇ ಇದೆ. ಏನೋ ಆಗುತ್ತಿದೆ ಅನ್ನಬಹುದು. ಅದೇ 182, 160, 188ರ ಎದುರು 171, 185, 163 ಬಂದರೆ? ಏನೂ ಹೇಳಲು ಬರುವುದಿಲ್ಲ. ಮೀಟರ್‌ಗಳ ಅಂತರರಾಷ್ಟ್ರೀಯ ಮಾನದಂಡವೇ 100ಕ್ಕಿಂತ ಮೇಲಿನ ಅಂಕಿಯಲ್ಲಿ ಶೇ 15ರಷ್ಟು ಹೆಚ್ಚುಕಡಿಮೆಗೆ ಅವಕಾಶ ಕೊಟ್ಟಿದೆ. ಒಂದು ದಿನದ ಒಂದು ಅಂಕಿ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ.

ಇಳಿದಿದ್ದು ಕಂಡರೆ ಮುಂದುವರಿಸಿ, ಮುಂದಿನ ಎಚ್‌ಬಿಎ1ಸಿ ಪರೀಕ್ಷೆಯ ಹೊತ್ತಿಗೆ ಪುಸ್ತಕವನ್ನು ಡಾಕ್ಟರಿಗೆ ತೋರಿಸಿ. ಆ ಪರೀಕ್ಷೆ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ಇಳಿಯದಿದ್ದರೆ ಬಿಟ್ಟುಬಿಡಿ.

ಪುಸ್ತಕ ಮುಚ್ಚುವ ಮೊದಲು ಇನ್ನೊಂದು ಮೂರು ದಿನ ಅಳೆಯಿರಿ ಅಂತ ನನ್ನ ಕೋರಿಕೆ. ವಿನೆಗರ್ ಇಲ್ಲ, ಊಟ ಅದೇ. ಊಟ ಆದ ಕೂಡಲೇ 15 ನಿಮಿಷ ನಡೆಯಿರಿ. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ನೇರವಾಗಿ ಎಳೆದುಕೊಳ್ಳುತ್ತವೆ. ಆ ಮೂರು ಅಂಕಿಗಳನ್ನು ವಿನೆಗರ್ ಅಂಕಿಗಳ ಪಕ್ಕದಲ್ಲೇ ಬರೆದಿಡಿ.